ಬಿಟ್ಟು ಬರುವ ದಾರಿಯನ್ನೂ ಕೇಳಿ ಕೊಳ್ಳು

ಮೈಸೂರು

ಚಿ. ಪುಟ್ಟಿ,

ನೀನು ಕಳಿಸಿದ ಎಕ್ಸೆಲ್ ಹಾಳೆ ತಲುಪಿತು. ವೈಟ್‌ಫೀಲ್ಡಿನ ನಿಮ್ಮ ಆಫೀಸಿನ ಮೂರು ಮಹಡಿಗೂ ಹೊಸ ಸ್ವಿಚ್, ಹೊಸ ವೈಫೈ, ಒಂದು ಜೋಡಿ ಫೈರ್‌ವಾಲ್. ಮೂರು ಕಂಪನಿಗಳ ಕೊಟೇಶನ್. ಕೊನೆಗೆ ‘ಮಾವ, ಯಾವುದು ಒಳ್ಳೇದು, ಒಂದೇ ಮಾತಲ್ಲಿ ಹೇಳಿಬಿಡಿ’ ಅಂತ ಅಪ್ಪಣೆ. ಒಂದೇ ಮಾತಲ್ಲಿ ಮುಗಿಸುವ ಚಟ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ, ನಿನಗೇ ಗೊತ್ತು. ಅದಕ್ಕೇ ಫೋನಿನಲ್ಲಿ ಹೇಳದೆ ಕಾಗದ ಬರೆಯುತ್ತಿದ್ದೇನೆ. ಊಟ ಮಾಡಿಕೊಂಡು ನಿಧಾನವಾಗಿ ಓದು.

ಹಾಳೆ ಅಚ್ಚುಕಟ್ಟಾಗಿದೆ. ಪೋರ್ಟ್ ಎಷ್ಟು, ಸ್ವಿಚಿಂಗ್ ಸಾಮರ್ಥ್ಯ ಎಷ್ಟು, ಮ್ಯಾಕ್ ಟೇಬಲ್ ಎಷ್ಟು ದೊಡ್ಡದು, ಎಲ್ಲಕ್ಕೂ ಅಂಕ ಹಾಕಿ ಬಣ್ಣ ಬಳಿದಿದ್ದೀಯ. ಆದರೆ ಜಾತಕ ಕೂಡಿಸುವವರು ಮೂವತ್ತಾರು ಗುಣದಲ್ಲಿ ಇಪ್ಪತ್ತೆಂಟು ಬಂತು ಅಂತ ಹಿಗ್ಗುವಾಗ ಹುಡುಗ ಕುಡಿಯುತ್ತಾನೋ ಅಂತ ಯಾರೂ ವಿಚಾರಿಸಿರುವುದಿಲ್ಲವಲ್ಲ, ನಿನ್ನ ಹಾಳೆಯೂ ಹಾಗೇ ಇದೆ. ಐದು ವರ್ಷ ಕಳೆದ ಮೇಲೆ ಈ ಕಂಪನಿ ಬೇಡ ಅನಿಸಿದರೆ ಹೊರಗೆ ಬರಲು ಎಷ್ಟು ಖರ್ಚು, ಎಷ್ಟು ರಾತ್ರಿಯ ನಿದ್ದೆ? ಆ ಸಾಲೇ ಅದರಲ್ಲಿಲ್ಲ. ನನ್ನನ್ನು ಕೇಳಿದರೆ ಉಳಿದ ಎಲ್ಲ ಸಾಲುಗಳಿಗಿಂತ ಅದೊಂದೇ ಭಾರ.

ಮೊದಲು ಹಾಳೆಯಿಂದ ಒಂದು ಸಾಲನ್ನು ಅಳಿಸಿಬಿಡು. ಸ್ವಿಚಿಂಗ್ ಸಾಮರ್ಥ್ಯದ ಸಾಲು ಬೇಡ. ಇವತ್ತು ಹೆಸರಿರುವ ಯಾವ ಕಂಪನಿಯ ಆಕ್ಸೆಸ್ ಸ್ವಿಚ್ ಆದರೂ ತನ್ನ ಎಲ್ಲ ಪೋರ್ಟುಗಳನ್ನೂ ಒಟ್ಟಿಗೆ ತುಂಬಿ ಓಡಿಸಬಲ್ಲದು, ಮತ್ತು ನಿಮ್ಮ ಆಫೀಸಿನ ಪೋರ್ಟುಗಳು ದಿನದ ಬಹುಪಾಲು ಆಕಳಿಸುತ್ತಾ ಕೂತಿರುತ್ತವೆ. ಅದರ ಜಾಗದಲ್ಲಿ ವಿದ್ಯುತ್ತಿನ ಲೆಕ್ಕ ಬರೆ. ಸ್ವಿಚ್ಚಿನ ತಂತಿಯಲ್ಲೇ ಕರೆಂಟು ಕೊಡುವ ಪದ್ಧತಿ 2003ರಲ್ಲಿ 802.3ಎಎಫ್ ಎಂದು ಬಂದಾಗ ಒಂದು ಪೋರ್ಟಿಗೆ 15.4 ವ್ಯಾಟ್ ಇತ್ತು, 2009ರಲ್ಲಿ 30 ಆಯಿತು, 2018ರ 802.3ಬಿಟಿಯಲ್ಲಿ 90ರವರೆಗೆ ಹೋಯಿತು. ಹೊಸ ವೈಫೈ ಪೆಟ್ಟಿಗೆಗಳಿಗೆ ಹಸಿವು ಜಾಸ್ತಿ. 48 ಪೋರ್ಟಿನ ಸ್ವಿಚ್ ಎಲ್ಲ ಪೋರ್ಟಿಗೂ 30 ವ್ಯಾಟ್ ಕೊಡುತ್ತದೆ ಅಂದುಕೊಳ್ಳಬೇಡ. ಒಳಗಿನ ಪವರ್ ಸಪ್ಲೈ ಒಟ್ಟು ಎಷ್ಟು ಹೊರುತ್ತದೆ, ಎರಡರಲ್ಲಿ ಒಂದು ಸತ್ತರೆ ಎಷ್ಟು ಉಳಿಯುತ್ತದೆ, ಅದನ್ನು ಕೇಳು. ಸ್ವಿಚ್ ಬೂಟ್ ಆಗಲು ಎಷ್ಟು ನಿಮಿಷ ಅನ್ನುವುದನ್ನೂ ಬರೆದುಕೋ. ಬ್ರೋಷರಿನಲ್ಲಿ ಅದು ಇರುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಪ್‌ಗ್ರೇಡ್ ಮಾಡುವಾಗ ಮಾತ್ರ ಗೊತ್ತಾಗುತ್ತದೆ.

ಇನ್ನು ನಿನ್ನ ಮ್ಯಾನೇಜರರ ಮಾತು: ‘ಸ್ಥಿರವಾದ ಕಂಪನಿಯನ್ನು ಆರಿಸೋಣ, ನಾಳೆ ಇಲ್ಲದೇ ಹೋಗಬಾರದು.’ ಮಾತು ಸರಿಯಾಗಿಯೇ ಕೇಳಿಸುತ್ತದೆ. ಆದರೆ ನಮ್ಮ ಕಸುಬಿನಲ್ಲಿ ಸ್ಥಿರತೆ ಅನ್ನುವುದು ಬೋರ್ಡಿನ ಮೇಲಿನ ಬಣ್ಣ. ಕೆನಡಾದ ನಾರ್ಟೆಲ್ ಒಂದು ಕಾಲಕ್ಕೆ ಬೀಳಲಾರದ ಮರ. 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದರ ಎಂಟರ್‌ಪ್ರೈಸ್ ವ್ಯಾಪಾರವನ್ನು ಅವಾಯ ಕೊಂಡಿತು. 2017ರ ಜನವರಿಯಲ್ಲಿ ಅವಾಯವೇ ದಿವಾಳಿ ರಕ್ಷಣೆ ಕೋರಿತು. ಅದೇ ವರ್ಷ ನೆಟ್‌ವರ್ಕಿಂಗ್ ಭಾಗ ಎಕ್ಸ್‌ಟ್ರೀಮ್ ಪಾಲಾಯಿತು. ಎಂಟು ವರ್ಷದಲ್ಲಿ ಒಂದೇ ವಂಶದ ಪೆಟ್ಟಿಗೆಗೆ ಮೂರು ಮನೆ ಹೆಸರು. ಫೌಂಡ್ರಿ ಅನ್ನುವ ಸ್ವಿಚ್ ಕಂಪನಿಯದು ಇನ್ನೂ ಸ್ವಾರಸ್ಯ. 2008ರಲ್ಲಿ ಅದನ್ನು ಬ್ರೋಕೇಡ್ ಕೊಂಡಿತು, 2017ರಲ್ಲಿ ಬ್ರೋಕೇಡನ್ನು ಬ್ರಾಡ್‌ಕಾಮ್ ಕೊಂಡಿತು. ಬ್ರಾಡ್‌ಕಾಮಿಗೆ ಬೇಕಾಗಿದ್ದದ್ದು ಸ್ಟೋರೇಜ್ ಸ್ವಿಚ್ಚುಗಳು ಮಾತ್ರ. ಹಾಗಾಗಿ ಡೇಟಾ ಸೆಂಟರಿನವು ಎಕ್ಸ್‌ಟ್ರೀಮ್‌ಗೆ ಹೋದವು, ಕ್ಯಾಂಪಸ್ಸಿನವು ರಕಸ್ ಜೊತೆಗೆ ಆರಿಸ್‌ಗೆ ಹೋದವು, ಆರಿಸ್ 2019ರಲ್ಲಿ ಕಾಮ್‌ಸ್ಕೋಪ್ ಕೈಸೇರಿತು. ಒಂದೇ ರ‍್ಯಾಕಿನಲ್ಲಿ ಅಕ್ಕಪಕ್ಕ ಕೂತಿದ್ದ ಎರಡು ಸ್ವಿಚ್ಚುಗಳ ಸಪೋರ್ಟ್‌ಗೆ ಎರಡು ಬೇರೆ ಕಂಪನಿಗಳಿಗೆ ಫೋನ್ ಮಾಡಬೇಕಾದ ಸ್ಥಿತಿ.

ಇದೆಲ್ಲ ಹಳೇ ಕಾಲದ ಕತೆ ಅನ್ನಬೇಡ. 2024ರ ಜನವರಿಯಲ್ಲಿ ಎಚ್‌ಪಿಇ ಸುಮಾರು 1,400 ಕೋಟಿ ಡಾಲರಿಗೆ ಜುನಿಪರ್ ಕೊಳ್ಳುವುದಾಗಿ ಸಾರಿತು. ಒಂದು ವರ್ಷದ ಬಳಿಕ ಅಮೆರಿಕದ ನ್ಯಾಯ ಇಲಾಖೆ ಅಡ್ಡಬಂದು ಮೊಕದ್ದಮೆ ಹೂಡಿತು. ರಾಜಿಯಾಗಿ 2025ರ ಜುಲೈನಲ್ಲಿ ಕೈ ಬದಲಾಯಿತು. ಅದೇ ಎಚ್‌ಪಿ ಬಳಗ 2010ರಲ್ಲಿ 3ಕಾಮ್ ಅನ್ನೂ 2015ರಲ್ಲಿ ಅರೂಬಾವನ್ನೂ ನುಂಗಿಕೊಂಡಿದೆ. ಈಗ ಅರೂಬಾದ ವೈಫೈ, ಜುನಿಪರಿನ ಮಿಸ್ಟ್ ವೈಫೈ ಎರಡೂ ಒಂದೇ ಮನೆಯ ಮಕ್ಕಳು. ನಾಳೆ ಯಾರಿಗೆ ಹೆಚ್ಚು ತುಪ್ಪ ಬಡಿಸುತ್ತಾರೆ ಅಂತ ಮಾರಲು ಬಂದ ಹುಡುಗನನ್ನು ಕೇಳಿದರೆ ‘ಎರಡೂ ಮುಂದುವರಿಯುತ್ತವೆ ಮೇಡಂ’ ಅನ್ನುತ್ತಾನೆ. ಅವನದು ಸುಳ್ಳಲ್ಲ, ಅವನಿಗೆ ಅಷ್ಟೇ ಹೇಳಿಕೊಟ್ಟಿರುತ್ತಾರೆ.

ನೀನು ಬೆಂಗಳೂರಿನಲ್ಲಿರುವುದರಿಂದ ಇನ್ನೊಂದು ತೊಡಕಿದೆ. ಈ ಪೆಟ್ಟಿಗೆಗಳಲ್ಲಿ ಓಡುವ ಸಾಫ್ಟ್‌ವೇರಿನ ದೊಡ್ಡ ಪಾಲು ನಿಮ್ಮ ಹೊರವರ್ತುಲ ರಸ್ತೆಯ ಅಕ್ಕಪಕ್ಕದಲ್ಲೇ ಬರೆದದ್ದು. ಸಿಸ್ಕೊ, ಜುನಿಪರ್, ಅರಿಸ್ಟಾ, ಎಲ್ಲರಿಗೂ ಅಲ್ಲಿ ಎಂಜಿನಿಯರುಗಳ ದಂಡಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಎಡಗಡೆಯವನು ಸಿಸ್ಕೊ, ಬಲಗಡೆಯವನು ಜುನಿಪರ್. ಇಬ್ಬರಿಗೂ ತಮ್ಮ ಕಂಪನಿಯ ಮೇಲೆ ಪ್ರೀತಿ, ಷೇರು ಇಟ್ಟುಕೊಂಡವರಿಗೆ ಇನ್ನೂ ಪ್ರೀತಿ. ಅವರನ್ನು ಕೇಳು, ತಪ್ಪಿಲ್ಲ; ಆದರೆ ‘ನಮ್ಮದು ಚೆನ್ನಾಗಿದೆ’ ಅಂತ ಹೇಳಿಸಿಕೊಳ್ಳಲು ಹೋಗಬೇಡ. ‘ಯಾವ ರಿಲೀಸಿನಲ್ಲಿ ನಿಮಗೆ ನಿದ್ದೆ ಕೆಟ್ಟಿತು’ ಅಂತ ಕೇಳು. ಕೆಲಸ ಬಲ್ಲವನು ಆ ಪ್ರಶ್ನೆಗೆ ನಕ್ಕು ಬಾಯಿ ಬಿಡುತ್ತಾನೆ.

ಪೆಟ್ಟಿಗೆಯೊಳಗಿನ ಕತೆಯನ್ನೂ ಕೇಳು. ಮೂರು ಕೊಟೇಶನ್ನಿನ ಮೂರು ಸ್ವಿಚ್ಚುಗಳಲ್ಲಿ ಎರಡರೊಳಗೆ ಬ್ರಾಡ್‌ಕಾಮಿನದೇ ಚಿಪ್ ಇದ್ದರೆ ನನಗೆ ಆಶ್ಚರ್ಯವಿಲ್ಲ. ಟ್ರೈಡೆಂಟ್, ಟೋಮಹಾಕ್ ಅಂತ ಅವುಗಳ ಹೆಸರು; ಬೇಕಾದವರಿಗೆಲ್ಲ ಮಾರುತ್ತಾರೆ. ಸಿಸ್ಕೊ ತನ್ನದೇ ಚಿಪ್ಪನ್ನೂ ಮಾಡುತ್ತದೆ. ಅರಿಸ್ಟಾ ಬೆಳೆದದ್ದೇ ಮಾರುಕಟ್ಟೆಯ ಚಿಪ್ ಕೊಂಡು ಅದರ ಮೇಲೆ ಗಟ್ಟಿ ಸಾಫ್ಟ್‌ವೇರ್ ಕೂರಿಸಿ. ಅದಕ್ಕೆ ಅರಿಸ್ಟಾದ ಮೇಲೆ ಸಿಸ್ಕೊ 2014ರ ಡಿಸೆಂಬರಿನಲ್ಲಿ ಹಾಕಿದ ದಾವೆ ನಿನಗೆ ತಮಾಷೆಯಾಗಿ ಕಂಡೀತು. ಪೇಟೆಂಟಿನ ಜಗಳದ ಜೊತೆಗೆ ಒಂದು ದೂರು: ನಮ್ಮ ಕಮಾಂಡುಗಳನ್ನು ಕದ್ದಿದ್ದಾರೆ. ಕೃತಿಸ್ವಾಮ್ಯದ ಆ ಭಾಗದಲ್ಲಿ 2016ರಲ್ಲಿ ಜ್ಯೂರಿ ಅರಿಸ್ಟಾದ ಪರ ನಿಂತಿತು. 2018ರ ಆಗಸ್ಟಿನಲ್ಲಿ ಅರಿಸ್ಟಾ 40 ಕೋಟಿ ಡಾಲರ್ ಕೊಟ್ಟು ಎಲ್ಲ ಜಗಳ ಬಗೆಹರಿಸಿಕೊಂಡಿತು. ಆ ಕಮಾಂಡುಗಳು ನಮ್ಮ ಜನರ ಬೆರಳಿಗೆ ಎಷ್ಟು ಅಂಟಿಕೊಂಡಿವೆ ಅಂದರೆ, ಹೊಸಬರು ಹೊಸ ಭಾಷೆ ಕಲಿಸುವ ಬದಲು ಹಳೆಯದನ್ನೇ ಮಾತಾಡಿದರು. ನಿನಗೆ ಇದರಿಂದ ಅನುಕೂಲವೇ: ಮನೆ ಬದಲಿಸುವುದು ಮಾರುವವನು ಹೆದರಿಸುವಷ್ಟು ಕಷ್ಟವಲ್ಲ.

ಕಷ್ಟವಾಗುವುದು ಎಲ್ಲಿ ಅಂದರೆ, ಒಂದೇ ಕಂಪನಿಗೆ ಮಾತ್ರ ಅರ್ಥವಾಗುವ ಪ್ರೊಟೊಕಾಲನ್ನು ನೀನೇ ಕೈಯಾರೆ ಹಾಕಿಕೊಂಡಾಗ. ವಿಲ್ಯಾನ್ ಟ್ರಂಕಿಗೆ ಹಿಂದೆ ಸಿಸ್ಕೊದ ಐಎಸ್ಎಲ್ ಇತ್ತು, 1998ರಲ್ಲಿ 802.1ಕ್ಯೂ ಬಂದ ಮೇಲೆ ಅದನ್ನು ಕೇಳುವವರಿಲ್ಲ. ಸಿಡಿಪಿ ಇದ್ದ ಕಡೆ ಎಲ್ಎಲ್‌ಡಿಪಿ ಹಾಕು. ಎಚ್ಎಸ್ಆರ್‌ಪಿ ಬದಲು ವಿಆರ್‌ಆರ್‌ಪಿ ಹಾಕು. ಇಐಜಿಆರ್‌ಪಿ ವಿಷಯಕ್ಕೆ ಬಂದರೆ ನನ್ನ ಮನಸ್ಸು ಮೆತ್ತಗಾಗುತ್ತದೆ, ಎಷ್ಟು ಚೆಂದದ ಪ್ರೊಟೊಕಾಲ್ ಅದು, ಕೊಂಡಿ ಕಡಿದರೆ ಬದಲಿ ದಾರಿಯನ್ನು ಮೊದಲೇ ಕಿಸೆಯಲ್ಲಿ ಇಟ್ಟುಕೊಂಡಿರುತ್ತದೆ. ಸಿಸ್ಕೊ 2013ರಲ್ಲಿ ಅದನ್ನು ಬಿಚ್ಚಿಡುವುದಾಗಿ ಹೇಳಿ, 2016ರಲ್ಲಿ ಆರ್‌ಎಫ್‌ಸಿ 7868 ಆಗಿ ಪ್ರಕಟಿಸಿತು. ಆದರೆ ಅದು ಮಾಹಿತಿಗಾಗಿ ಮಾತ್ರ, ಸ್ಟ್ಯಾಂಡರ್ಡ್ ಅಲ್ಲ. ಉಳಿದ ದೊಡ್ಡ ಕಂಪನಿಗಳು ಅದನ್ನು ಮನೆಗೆ ಸೇರಿಸಿಕೊಳ್ಳಲಿಲ್ಲ. ಹಾಗಾಗಿ ನೀನು ಓಎಸ್‌ಪಿಎಫ್ ಹಾಕು. ಈಗಿರುವ ನೆಟ್‌ವರ್ಕಿನಲ್ಲಿ ಇಐಜಿಆರ್‌ಪಿ ಇದ್ದರೆ ಈ ಖರೀದಿಗೆ ಮುಂಚೆಯೇ, ಹಳೆಯ ಪೆಟ್ಟಿಗೆಗಳ ಮೇಲೆಯೇ ಓಎಸ್‌ಪಿಎಫ್‌ಗೆ ಬಂದುಬಿಡು. ಆಮೇಲೆ ಕೊಟೇಶನ್ ತರುವವನ ದನಿ ಹೇಗೆ ಬದಲಾಗುತ್ತದೆ ನೋಡು. ನೀವು ಬೇರೆ ಕಡೆಗೂ ಹೋಗಬಲ್ಲಿರಿ ಅಂತ ಅವನಿಗೆ ಖಾತ್ರಿಯಾದಾಗಲೇ ನಿಜವಾದ ಬೆಲೆ ಹೊರಬರುವುದು.

ಫ್ಯಾಬ್ರಿಕ್ ಬೇಕೇ ಅಂತ ಕೇಳಿದ್ದೀಯ. ಮೂರು ಮಹಡಿಗೆ ಬೇಡ. ನೂರಾರು ಕಟ್ಟಡಗಳ ವಿಶ್ವವಿದ್ಯಾಲಯವಾಗಿದ್ದರೆ ಬೇರೆ ಮಾತಾಡುತ್ತಿದ್ದೆ. ಆಗಲೂ ಇವಿಪಿಎನ್, ವಿಎಕ್ಸ್‌ಲ್ಯಾನ್ ಹಾದಿಯನ್ನೇ ಹೇಳುತ್ತಿದ್ದೆ, ಅದಕ್ಕೆ ಎಲ್ಲರೂ ಒಪ್ಪಿದ ಆರ್‌ಎಫ್‌ಸಿಗಳಿವೆ.

ಯಾವ ಕಂಪನಿ ಅನ್ನುವ ಪ್ರಶ್ನೆ ಎಷ್ಟು ಚಿಕ್ಕದು ಅಂತ ನಿನಗೆ ಕಾಣಬೇಕಾದರೆ ಬಾಸ್ಟನ್ನಿನ ಆಸ್ಪತ್ರೆಯ ಪ್ರಕರಣ ಓದು. ಬೆತ್ ಇಸ್ರೇಲ್ ಡೀಕನೆಸ್ ಮೆಡಿಕಲ್ ಸೆಂಟರ್ ಅಂತ. ಹಾರ್ವರ್ಡಿನ ಜೊತೆ ನಂಟಿರುವ ದೊಡ್ಡ ಆಸ್ಪತ್ರೆ. ಕಂಪ್ಯೂಟರ್ ಬಳಕೆಯಲ್ಲಿ ಆ ಕಾಲಕ್ಕೆ ಎಲ್ಲರಿಗಿಂತ ಮುಂದೆ. 2002ರ ನವೆಂಬರ್ 13ರಂದು ಅಲ್ಲಿನ ನೆಟ್‌ವರ್ಕ್ ತೆವಳತೊಡಗಿತು, ಆಮೇಲೆ ಕುಸಿಯಿತು. ಸಂಶೋಧಕರೊಬ್ಬರು ಭಾರೀ ಗಾತ್ರದ ಡೇಟಾ ಸಾಗಿಸಲು ಹೊರಟದ್ದು ನೆಪ. ರೋಗ ಬೇರೆಯೇ ಇತ್ತು. ವರ್ಷಗಟ್ಟಲೆ ಒಂದು ಸ್ವಿಚ್ಚಿಗೆ ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಸಿಕ್ಕಿಸುತ್ತಾ ಹೋಗಿ ಇಡೀ ಆಸ್ಪತ್ರೆ ಲೇಯರ್ ಎರಡರ ಒಂದೇ ಬಯಲಾಗಿತ್ತು. ಸುತ್ತು ತಪ್ಪಿಸಲು ಸ್ವಿಚ್ಚುಗಳು ಬಳಸುವ ಸ್ಪ್ಯಾನಿಂಗ್ ಟ್ರೀಯನ್ನು ರೇಡಿಯಾ ಪರ್ಲ್‌ಮನ್ 1985ರಲ್ಲಿ ಡಿಇಸಿ ಕಂಪನಿಯಲ್ಲಿದ್ದಾಗ ರೂಪಿಸಿದ್ದು. ಅದರ ಸ್ಟ್ಯಾಂಡರ್ಡಿನ ಕಾಲಮಿತಿಗಳೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚಿಗಿಂತ ಹೆಚ್ಚಿಲ್ಲ ಅನ್ನುವ ಲೆಕ್ಕದ ಮೇಲೆ ನಿಂತಿವೆ. ಆಸ್ಪತ್ರೆ ಆ ಮಿತಿ ದಾಟಿಬಿಟ್ಟಿತ್ತು. ದಟ್ಟಣೆ ಹೆಚ್ಚಾದಾಗ ಸ್ವಿಚ್ಚುಗಳಿಗೆ ಪರಸ್ಪರರ ಮಾತು ಸಮಯಕ್ಕೆ ಸರಿಯಾಗಿ ಮುಟ್ಟಲಿಲ್ಲ. ಮುಚ್ಚಿದ್ದ ದಾರಿಗಳು ತೆರೆದುಕೊಂಡವು. ಅದೇ ಪ್ಯಾಕೆಟ್ಟುಗಳು ಗಾಣದೆತ್ತಿನ ಸುತ್ತು ಹೊಡೆದವು.

ಸುಮಾರು ನಾಲ್ಕು ದಿನ ಅಲ್ಲಿ ಎಲ್ಲ ಕಾಗದದ ಮೇಲೆ ನಡೆಯಿತು. ಲ್ಯಾಬಿನ ವರದಿಗಳನ್ನು ಜನ ಹೊತ್ತು ಓಡಾಡಿದರು. ಔಷಧಿ ಚೀಟಿಯನ್ನು ಕೈಯಲ್ಲಿ ಬರೆದು ಗೊತ್ತೇ ಇಲ್ಲದ ಕಿರಿಯ ವೈದ್ಯರಿಗೆ ಹಿರಿಯರು ಬರೆಯಲು ಕಲಿಸಬೇಕಾಯಿತು. ಸಿಸ್ಕೊದ ತುರ್ತು ತಂಡ ಬಂದಿಳಿದು, ಬಯಲನ್ನು ರೌಟಿಂಗ್ ಗೋಡೆಗಳಿಂದ ಭಾಗ ಮಾಡಿದ ಮೇಲೆ ಉಸಿರು ಬಂತು. ನನಗೆ ಹಿಡಿಸಿದ್ದು ಮುಂದಿನ ಭಾಗ. ಅಲ್ಲಿನ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಏನನ್ನೂ ಮುಚ್ಚಿಡಲಿಲ್ಲ. ಎಲ್ಲಿ ಎಡವಿದೆವು ಅಂತ ಊರಿಗೆಲ್ಲ ಹೇಳಿದರು. ಹಾರ್ವರ್ಡಿನವರು ಅದನ್ನು ಪಾಠವಾಗಿ ಬರೆದರು. ನೀನು ಗಮನಿಸಬೇಕಾದ್ದು ಇಷ್ಟೇ: ಆ ಪೆಟ್ಟಿಗೆಗಳಿಗೆ ನಿನ್ನ ಹಾಳೆಯ ಲೆಕ್ಕದಲ್ಲಿ ಪೂರ್ಣಾಂಕ ಸಿಗುತ್ತಿತ್ತು. ಬೇರೆ ಕಂಪನಿಯದಿದ್ದರೂ ಅದೇ ಗತಿ. ಆದ್ದರಿಂದ ವಿಲ್ಯಾನುಗಳನ್ನು ಮಹಡಿಯಿಂದ ಮಹಡಿಗೆ ಎಳೆಯಬೇಡ. ಒಂದೊಂದು ಮಹಡಿಯ ಗಡಿಯಲ್ಲೇ ರೌಟಿಂಗ್ ಇಡು. ‘ಪ್ರಿಂಟರ್ ಎಲ್ಲ ಒಂದೇ ವಿಲ್ಯಾನಿನಲ್ಲಿ ಇರಲಿ’ ಅನ್ನುವವರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕಾಫಿ ಕೊಡಿಸು, ವಿಲ್ಯಾನ್ ಕೊಡಬೇಡ.

ಹಾಗಾದರೆ ಎರಡು ಕಂಪನಿಯ ಸಾಮಾನು ಬೆರೆಸಿದರೆ ಕ್ಷೇಮವೇ? ಅದೂ ಮಂತ್ರವಲ್ಲ. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿಯ ಮೊಬೈಲು, ಇಂಟರ್ನೆಟ್ಟು, ಫೋನು ಒಟ್ಟಿಗೆ ನಿಂತವು. ಒಂದು ಕೋಟಿ 20 ಲಕ್ಷಕ್ಕೂ ಹೆಚ್ಚು ಗಿರಾಕಿಗಳು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡು ನಡೆಯಲಿಲ್ಲ, ಎಷ್ಟೋ ಜನರಿಗೆ 911 ಸಿಗಲಿಲ್ಲ. ಕೋರ್ ಅಪ್‌ಗ್ರೇಡಿನ ಮಧ್ಯೆ ಒಂದು ರೌಟರಿನಿಂದ ರೌಟು ಸೋಸುವ ಫಿಲ್ಟರ್ ತೆಗೆದದ್ದೇ ಕಾರಣ. ರೌಟುಗಳ ಪ್ರವಾಹ ಕೋರಿಗೆ ನುಗ್ಗಿ ಮುಳುಗಿಸಿತು. ಆಮೇಲೆ ಅಲ್ಲಿನ ನಿಯಂತ್ರಣ ಸಂಸ್ಥೆಗೆ ಕಂಪನಿ ಒಪ್ಪಿಸಿದ ಉತ್ತರದಲ್ಲಿ ಒಂದು ಮಾತಿದೆ: ಬೇರೆ ಬೇರೆ ತಯಾರಕರ ರೌಟರುಗಳು ರೌಟುಗಳ ಮಿತಿಯನ್ನು ಬೇರೆ ಬೇರೆ ರೀತಿಯಲ್ಲಿ ನೋಡಿಕೊಳ್ಳುತ್ತಿದ್ದವು, ಅನಾಹುತದ ಬುಡದಲ್ಲಿ ಆ ವ್ಯತ್ಯಾಸವಿತ್ತು. ಹಾಗಂತ ಬೆರೆಸಲೇಬೇಡ ಅನ್ನುವುದಿಲ್ಲ. ಸ್ವಿಚ್ಚುಗಳೆಲ್ಲ ಒಂದು ಕಂಪನಿಯದಿರಲಿ, ಫೈರ್‌ವಾಲ್ ಇನ್ನೊಂದರದಿರಲಿ, ನಡುವಿನ ಗಡಿಯಲ್ಲಿ ಎಲ್ಲರ ಪ್ರೊಟೊಕಾಲ್ ಇರಲಿ. ಆ ಗಡಿಯನ್ನು ಮಾತ್ರ ನೀನೇ ಲ್ಯಾಬಿನಲ್ಲಿ ಕೂತು ಕೆಡಿಸಿ ನೋಡಿರಬೇಕು. ಒಂದೇ ಕೋರಿನಲ್ಲಿ ಎರಡು ಜಾತಿ ಬೇಡ.

ರಾಜರ್ಸ್ ಕತೆಯಲ್ಲಿ ನಿನ್ನ ಕೊಟೇಶನ್ನಿಗೆ ನೇರವಾಗಿ ಬೇಕಾದ ಸಂಗತಿ ಬೇರೆಯದೇ. ಕೋರ್ ಬಿದ್ದಾಗ ಎಂಜಿನಿಯರುಗಳಿಗೆ ತಮ್ಮ ಉಪಕರಣಗಳನ್ನು ಮುಟ್ಟಲೇ ಆಗಲಿಲ್ಲ. ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಅದೇ ಕೋರಿನ ಮೇಲೆ ನಿಂತಿತ್ತು. ಒಬ್ಬರಿಗೊಬ್ಬರು ಫೋನ್ ಮಾಡೋಣವೆಂದರೆ ಅವರ ಕೈಯಲ್ಲಿದ್ದದ್ದೂ ರಾಜರ್ಸ್ ಸಿಮ್ಮೇ! ಅದಕ್ಕೆ ಹಿಂದಿನ ವರ್ಷ, 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ಕಿಗೂ ಹೀಗೇ ಆಗಿತ್ತು. ಬೆನ್ನೆಲುಬಿನ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಕಮಾಂಡು ಬೆನ್ನೆಲುಬನ್ನೇ ಕಳಚಿತು. ತಡೆಯಬೇಕಾದ ತಪಾಸಣೆ ಸಾಧನದಲ್ಲಿ ಬಗ್ ಇತ್ತು. ಬಿಜಿಪಿ ಸಾರಣೆಗಳು ಹಿಂದೆ ಸರಿದವು, ಡಿಎನ್ಎಸ್ ಮಾಯವಾಯಿತು. ಹೊರಗಿನಿಂದ ಒಳಹೋಗಲು ಇಟ್ಟಿದ್ದ ಪ್ರತ್ಯೇಕ ದಾರಿಯೂ ಮಲಗಿತ್ತು. ಜನ ಡೇಟಾ ಸೆಂಟರಿಗೆ ಖುದ್ದಾಗಿ ಹೋಗಿ ರಿಪೇರಿ ಮಾಡುವಷ್ಟರಲ್ಲಿ ಸುಮಾರು ಆರು ಗಂಟೆ.

ನಿಮ್ಮ ಕೊಟೇಶನ್ನಿನಲ್ಲಿ ಒಂದು ಕನ್ಸೋಲ್ ಸರ್ವರ್ ಇತ್ತು, ‘ಬೇಡ’ ಅಂತ ಗೆರೆ ಎಳೆದಿದ್ದಾರೆ. ಯಾರು ಎಳೆದದ್ದು? ಹಣಕಾಸಿನವರೇ ಇರಬೇಕು. ಆ ಗೆರೆ ಅಳಿಸಿಹಾಕು. ಪ್ರತಿ ರ‍್ಯಾಕಿನ ಕನ್ಸೋಲ್ ಪೋರ್ಟು ಅದಕ್ಕೆ ಸೇರಲಿ. ಅದಕ್ಕೊಂದು 4ಜಿ ಸಿಮ್ ಇರಲಿ, ನಿಮ್ಮ ಲೀಸ್ಡ್ ಲೈನ್ ಕೊಟ್ಟ ಕಂಪನಿಯದಲ್ಲದೆ ಬೇರೆಯದು. ಕಂಪನಿಯ ಲಾಗಿನ್ ಸರ್ವರ್ ಸತ್ತಾಗಲೂ ತೆರೆಯುವ ಒಂದು ಸ್ಥಳೀಯ ಪಾಸ್‌ವರ್ಡು ಲಕೋಟೆಯಲ್ಲಿರಲಿ. ಹಣ ಸಾಲದೆಂದರೆ ಸ್ವಿಚ್ಚಿನ ದುಬಾರಿ ಲೈಸೆನ್ಸ್ ದರ್ಜೆಯಲ್ಲಿ ಒಂದು ಮೆಟ್ಟಿಲು ಇಳಿ.

ಲೈಸೆನ್ಸಿನ ಮಾತಿಗೆ ಬಂದೆ, ಇಲ್ಲಿ ನನ್ನ ರಕ್ತದೊತ್ತಡ ಸ್ವಲ್ಪ ಏರುತ್ತದೆ, ನಿನ್ನ ಅತ್ತೆಗೆ ಹೇಳಬೇಡ. ನಾನು ಕೆಲಸಕ್ಕೆ ಸೇರಿದಾಗ ಸ್ವಿಚ್ ಕೊಂಡರೆ ಅದು ನಮ್ಮದು. ತುಕ್ಕು ಹಿಡಿಯುವವರೆಗೆ ಓಡಿಸು, ಕೇಳುವವರಿಲ್ಲ. ಈಗ ಪೆಟ್ಟಿಗೆಯ ಜೊತೆಗೊಂದು ಚಂದಾ ಬರುತ್ತದೆ. ಸಿಸ್ಕೊ 2017ರಲ್ಲಿ ಕ್ಯಾಟಲಿಸ್ಟ್ 9000 ತಂದಾಗ ಡಿಎನ್ಎ ಚಂದಾವನ್ನೂ ಖರೀದಿಗೆ ಅಂಟಿಸಿತು. ಚಂದಾ ಮುಗಿದರೂ ಮೂಲ ಸ್ವಿಚಿಂಗ್ ನಿಲ್ಲುವುದಿಲ್ಲ, ಮೇಲಿನ ಸವಲತ್ತುಗಳು ಹೋಗುತ್ತವೆ. ಸಿಸ್ಕೊದ್ದೇ ಆದ ಮೆರಾಕಿಯ ಹಳೆಯ ಕೋ-ಟರ್ಮಿನೇಷನ್ ಪದ್ಧತಿ ಹಾಗಲ್ಲ. ಅವಧಿ ಮುಗಿದು 30 ದಿನದ ರಿಯಾಯಿತಿಯೂ ಕಳೆದರೆ ನೆಟ್‌ವರ್ಕೇ ಬಂದ್. ಮೆರಾಕಿಯನ್ನು ಬೈಯುತ್ತಿಲ್ಲ. ಎಂಜಿನಿಯರೇ ಇಲ್ಲದ ನಲವತ್ತು ಅಂಗಡಿಗಳ ಸರಣಿಗೆ ಅದಕ್ಕಿಂತ ನೆಮ್ಮದಿಯ ವಸ್ತು ನಾನು ಕಂಡಿಲ್ಲ. ಆದರೆ ಕೊಳ್ಳುವವರಿಗೆ ತಾವೇನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು.

‘ಚಂದಾ ದರ ಇಷ್ಟೇ ಇರುತ್ತದೆ’ ಅನ್ನುವ ಬಾಯಿಮಾತಿನ ಬೆಲೆ ಎಷ್ಟು ಅಂತ ತಿಳಿಯಲು ವಿಎಂವೇರ್ ಗಿರಾಕಿಗಳನ್ನು ಕೇಳಬೇಕು. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಆ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಮುಂದಿನ ತಿಂಗಳೇ ಶಾಶ್ವತ ಲೈಸೆನ್ಸುಗಳ ಮಾರಾಟ ನಿಲ್ಲಿಸಿತು. ಹತ್ತಾರು ವರ್ಷ ಅದರ ಮೇಲೆ ಮನೆ ಕಟ್ಟಿಕೊಂಡವರು ರಿನ್ಯೂವಲ್ ಕಾಗದ ನೋಡಿ ಕಂಗಾಲಾದರು. ತಂತ್ರಜ್ಞಾನ ನಿನ್ನೆಯಷ್ಟೇ ಚೆನ್ನಾಗಿತ್ತು. ಹೋಗುವ ದಾರಿ ಮೊದಲೇ ಯೋಚಿಸಿದ್ದವರು ಹೋದರು, ಉಳಿದವರು ಕೇಳಿದಷ್ಟು ಕೊಟ್ಟರು. ಹಾಗಾಗಿ ಮೂವರಿಗೂ ಒಂದೇ ಪ್ರಶ್ನೆ ಬರೆದು ಕಳಿಸು: ಲೈಸೆನ್ಸ್ ಮುಗಿದ ಮರುದಿನ ಬೆಳಿಗ್ಗೆ ಪ್ಯಾಕೆಟ್ ಓಡುತ್ತದೆಯೇ? ಕಾನ್ಫಿಗರೇಶನ್ ಬದಲಿಸಲು ಬಿಡುತ್ತೀರಾ? ಸೆಕ್ಯುರಿಟಿ ಪ್ಯಾಚ್ ಸಿಗುತ್ತದೆಯೇ? ಎರಡನೇ ಅವಧಿಯ ದರಕ್ಕೆ ಮೇಲ್ಮಿತಿ ಎಷ್ಟು? ಉತ್ತರ ಕರಾರಿನಲ್ಲಿ ಬರಲಿ.

ಬೆಲೆಯ ಬಗ್ಗೆ ಒಂದು ಗುಟ್ಟು. ಮೂರು ಮಾರಾಟಗಾರರಿಂದ ಒಂದೇ ಕಂಪನಿಯ ಮೂರು ಕೊಟೇಶನ್ ತರಿಸಿದರೆ ಪೈಪೋಟಿಯಾಯಿತು ಅಂತ ನಿಮ್ಮ ಖರೀದಿ ವಿಭಾಗ ಖುಷಿಪಡುತ್ತದೆ. ಅಲ್ಲಿ ಪೈಪೋಟಿಯೇ ಇಲ್ಲ. ಯಾರು ಮೊದಲು ನಿಮ್ಮ ಹೆಸರಿನಲ್ಲಿ ಡೀಲ್ ರಿಜಿಸ್ಟರ್ ಮಾಡುತ್ತಾರೋ ಅವರಿಗೆ ಮಾತ್ರ ತಯಾರಕರು ಒಳ್ಳೆಯ ದರ ಬಿಡುತ್ತಾರೆ. ಉಳಿದಿಬ್ಬರ ಕಾಗದ ಲೆಕ್ಕಭರ್ತಿಗೆ. ಪೈಪೋಟಿ ಬೇಕಾದರೆ ಬೇರೆ ಬೇರೆ ತಯಾರಕರನ್ನು ನಿಲ್ಲಿಸಬೇಕು, ಅದೂ ಎರಡನೆಯವರನ್ನು ನಿಜವಾಗಿಯೂ ಕೊಳ್ಳುವ ಮನಸ್ಸಿಟ್ಟುಕೊಂಡು. ಶೇಕಡ ಇಷ್ಟು ರಿಯಾಯಿತಿ ಅನ್ನುವುದಕ್ಕೆ ಮರುಳಾಗಬೇಡ, ಪಟ್ಟಿಬೆಲೆಯನ್ನು ಯಾರೂ ಕೊಡುವುದಿಲ್ಲ. ತ್ರೈಮಾಸಿಕದ ಕೊನೆಯ ವಾರ ದರ ಇಳಿಯುವುದು ಹೌದು. ಸಿಸ್ಕೊದ ಆರ್ಥಿಕ ವರ್ಷ ಮುಗಿಯುವುದು ಜುಲೈ ಕೊನೆಗೆ. ಕೊಳ್ಳುವ ಪಟ್ಟಿಯಲ್ಲಿ ಎಸ್‌ಎಫ್‌ಪಿ ಮಾಡ್ಯೂಲುಗಳ ಸಾಲನ್ನು ಬೇರೆಯಾಗಿ ನೋಡು. ಕಿರುಬೆರಳಿನಷ್ಟು ಇರುವ ಆ ವಸ್ತುಗಳಲ್ಲೇ ಅವರು ಲಾಭ ಹಿಂಡುವುದು. ಬೇರೆಯವರು ತಯಾರಿಸಿದ ಹೊಂದಾಣಿಕೆಯ ಮಾಡ್ಯೂಲು ಎಷ್ಟೋ ಅಗ್ಗ. ಹಾಕಿದರೆ ಸ್ವಿಚ್ ಗೊಣಗುತ್ತದೆ, ಕೆಲವು ಕಡೆ ಒಂದು ಕಮಾಂಡ್ ಕೊಟ್ಟು ಒಪ್ಪಿಸಬೇಕು. ನಾನು ಹಾಕುತ್ತೇನೆ. ತೊಂದರೆ ಬಂದಾಗ ಸಪೋರ್ಟಿನವರ ಬಾಯಿ ಮುಚ್ಚಿಸಲು ಅಸಲಿಯದೊಂದು ಜೊತೆ ಕಪಾಟಿನಲ್ಲಿರಲಿ.

ಸಪೋರ್ಟ್ ಕರಾರಿನಲ್ಲಿ ‘ನಾಲ್ಕು ಗಂಟೆಯಲ್ಲಿ ಬದಲಿ’ ಅಂತ ಹಣ ಸುರಿಯುವ ಬದಲು ಆಕ್ಸೆಸ್ ಸ್ವಿಚ್ ಒಂದು ಹೆಚ್ಚಿಗೆ ಕೊಂಡು ಬೀರುವಿನಲ್ಲಿಡು; ಕೋರಿಗೆ ಮಾತ್ರ ಒಳ್ಳೆಯ ಕರಾರು ತಗೋ. ಕರಾರೇ ಬೇಡ ಅನ್ನುವ ಧೈರ್ಯವೂ ಬೇಡ. 2017ರ ಫೆಬ್ರವರಿಯಲ್ಲಿ ಸಿಸ್ಕೊ ಒಂದು ಪ್ರಕಟಣೆ ಕೊಟ್ಟಿತು: ಗಡಿಯಾರದ ಸಂಕೇತ ಕೊಡುವ ಒಂದು ಬಿಡಿಭಾಗದ ದೋಷದಿಂದ ಕೆಲವು ಉಪಕರಣಗಳು ಸುಮಾರು 18 ತಿಂಗಳು ಓಡಿದ ಮೇಲೆ ಏಳದೇ ಹೋಗಬಹುದು. ವಾರಂಟಿ ಅಥವಾ ಕರಾರು ಇದ್ದವರಿಗೆ ಬದಲಿ ಸಿಕ್ಕಿತು. ಆ ಬಿಡಿಭಾಗ ಬೇರೆಯವರ ಪೆಟ್ಟಿಗೆಗಳಲ್ಲೂ ಇತ್ತು, ಅದೂ ನೆನಪಿರಲಿ.

ಭದ್ರತೆಯ ವಿಷಯ ಚುಟುಕಾಗಿ. 2023ರ ಅಕ್ಟೋಬರಿನಲ್ಲಿ ಸಿಸ್ಕೊದ ಐಓಎಸ್ ಎಕ್ಸ್ಇಯ ವೆಬ್ ಪುಟದಲ್ಲಿ ಹತ್ತಕ್ಕೆ ಹತ್ತು ತೀವ್ರತೆಯ ದೋಷ ಸಿಕ್ಕಿ, ಇಂಟರ್ನೆಟ್ಟಿಗೆ ಅದನ್ನು ತೆರೆದಿಟ್ಟಿದ್ದ ಸಾವಿರಾರು ಪೆಟ್ಟಿಗೆಗಳಿಗೆ ಕಳ್ಳರು ಹೊಕ್ಕರು. 2024ರಲ್ಲಿ ಇವಾಂಟಿ, ಪಾಲೊ ಆಲ್ಟೊಗಳ ಸರದಿ. ಫೋರ್ಟಿನೆಟ್ ಅದಕ್ಕೂ ಮುಂಚೆ. ದೋಷವಿಲ್ಲದ ಕಂಪನಿ ಹುಡುಕುತ್ತಾ ಕೂರಬೇಡ. ದೋಷ ಸಿಕ್ಕಾಗ ಎಷ್ಟು ಬೇಗ, ಎಷ್ಟು ಬಿಚ್ಚುಮನಸ್ಸಿನಿಂದ ಹೇಳಿದರು ಅಂತ ಅವರ ಹಳೆಯ ಪ್ರಕಟಣೆಗಳನ್ನು ಓದಿ ತೂಗು. ಪೆಟ್ಟಿಗೆಗಳ ವೆಬ್ ಪುಟಗಳನ್ನು ಮೊದಲ ದಿನವೇ ಮುಚ್ಚು.

ಕೊನೆಗೆ ಜನ. ನಿನ್ನ ತಂಡದಲ್ಲಿ ನಾಲ್ವರು, ಮೂವರಿಗೆ ಒಂದು ಕಂಪನಿಯ ಕಮಾಂಡು ನಿದ್ದೆಗಣ್ಣಲ್ಲೂ ಬರುತ್ತದೆ ಅಂದೆಯಲ್ಲ, ಅದು ಸಣ್ಣ ಸಂಗತಿಯಲ್ಲ. ಕೊಟೇಶನ್ನಿನಲ್ಲಿ ಹತ್ತು ಪರ್ಸೆಂಟ್ ಕಡಿಮೆ ಅಂತ ಯಾರಿಗೂ ಗೊತ್ತಿಲ್ಲದ್ದನ್ನು ತಂದರೆ ಆ ಹತ್ತು ಪರ್ಸೆಂಟನ್ನು ಆ ಹುಡುಗರ ಭಾನುವಾರಗಳಿಂದ ವಸೂಲು ಮಾಡಿದಂತೆ. ಆದರೆ ಅವರ ಕಲಿಕೆ ಒಂದೇ ಕಂಪನಿಯ ಸರ್ಟಿಫಿಕೇಟಿಗೆ ನಿಲ್ಲಲು ಬಿಡಬೇಡ. ಸಿಸ್ಕೊ 1993ರಲ್ಲಿ ಸಿಸಿಐಇ ಪರೀಕ್ಷೆ ಶುರುಮಾಡಿದ್ದು ಒಳ್ಳೆಯ ವಿದ್ಯೆಯೂ ಹೌದು, ಗಟ್ಟಿ ಬೇಲಿಯೂ ಹೌದು. ಅದರೊಳಗೇ ಕೂತವನಿಗೆ ಪಕ್ಕದ ಹೊಲ ಕಾಣುವುದಿಲ್ಲ. ನೀನೂ ಬರೆ, ಪಾಸಾಗು, ಸಂಬಳಕ್ಕೆ ಒಳ್ಳೆಯದು. ಜೊತೆಗೆ ವಾರಕ್ಕೊಮ್ಮೆ ವೈರ್‌ಶಾರ್ಕ್ ತೆರೆದು ನಿಮ್ಮದೇ ಆಫೀಸಿನ ಪ್ಯಾಕೆಟ್ಟುಗಳನ್ನು ನೋಡು. ಅಲ್ಲಿ ಯಾವ ಲೋಗೋ ಇರುವುದಿಲ್ಲ.

ನನ್ನ ಆಯ್ಕೆ ಕೇಳಲೇಬೇಕೆಂದರೆ: ಸ್ವಿಚ್ಚು, ವೈಫೈ ನಿನ್ನ ಹುಡುಗರಿಗೆ ಗೊತ್ತಿರುವ ಕಂಪನಿಯದು, ಆದರೆ ಕೆಳಗಿನ ಲೈಸೆನ್ಸ್ ದರ್ಜೆ. ಫೈರ್‌ವಾಲ್ ಎರಡನೆಯ ಕೊಟೇಶನ್ನಿನದು. ಮಹಡಿ ಮಹಡಿಗೂ ರೌಟಿಂಗ್, ಓಎಸ್‌ಪಿಎಫ್, ಕನ್ಸೋಲ್ ಸರ್ವರ್. ಐಪಿ ವಿಳಾಸಗಳ ಲೆಕ್ಕ, ಕೇಬಲ್ ನಕ್ಷೆ, ಕಾನ್ಫಿಗರೇಶನ್ ಎಲ್ಲ ನಿಮ್ಮದೇ ಗಿಟ್ ಖಾತೆಯಲ್ಲಿ. ಇನ್‌ಸ್ಟಾಲ್ ಮಾಡಿದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಕೂಡದು. ಮೀಟಿಂಗಿನಲ್ಲಿ ಯಾರಾದರೂ ಕಂಪನಿಗಳಿಗೆ ಸ್ಥಾನ ಹಂಚುವ ಗಾರ್ಟ್ನರ್ ಚೌಕದ ಚಿತ್ರ ತೆರೆದರೆ ವಾದಕ್ಕಿಳಿಯಬೇಡ, ‘ಲೈಸೆನ್ಸ್ ಮುಗಿದ ಮರುದಿನ’ದ ಉತ್ತರಗಳನ್ನು ಪಕ್ಕದಲ್ಲಿ ಇಡು.

ಉತ್ತರ ಬಂದ ಹಾಗೆ ನನಗೂ ಕಳಿಸು. ಯಾರು ಬರೆದು ಕೊಟ್ಟರು, ಯಾರು ‘ಫೋನಿನಲ್ಲಿ ಮಾತಾಡೋಣ ಮೇಡಂ’ ಅಂದರು, ಅದನ್ನೂ ತಿಳಿಸು. ಮೂರನೇ ಮಹಡಿಯ ರ‍್ಯಾಕಿನ ಫೋಟೋ ಹಿಂಬದಿಯಿಂದ ತೆಗೆದು ಕಳಿಸು. ನೀನು ಕಳಿಸಿದ ಚಿತ್ರದಲ್ಲಿ ಎರಡು ಪವರ್ ಕೇಬಲ್ಲೂ ಒಂದೇ ಯುಪಿಎಸ್‌ಗೆ ಹೋದಂತೆ ಕಾಣುತ್ತಿದೆ, ಹಾಗಿದ್ದರೆ ಖರೀದಿಗೆ ಕಾಯದೆ ನಾಳೆಯೇ ಒಂದನ್ನು ಬದಲಿಸು.

ಇಂತು,
ನಿನ್ನ ಮಾವ